ಮೈಚಾರ್ಟ್: ಓದೋಕೆ ಚೆನ್ನ, ತಿದ್ದಿಸೋಕೆ ಫಾರ್ಮೇ ಗತಿ

ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ಭೇಟಿ ಮುಗಿಸಿ ಹೊರಡುವಾಗ ಕೊಡುವ ಕಾಗದದಲ್ಲಿ ಮೈಚಾರ್ಟ್‌ನ ಆಕ್ಟಿವೇಷನ್ ಕೋಡ್ ಇರುವುದು ಈಗ ಮಾಮೂಲು. ವಿಸ್ಕಾನ್ಸಿನ್‌ನ ವೆರೋನಾದಲ್ಲಿರುವ ಎಪಿಕ್ ಎಂಬ ಆಸ್ಪತ್ರೆ ಸಾಫ್ಟ್‌ವೇರ್ ಕಂಪನಿಯ ಪೋರ್ಟಲ್ ಇದು, ರೋಗಿ ತನ್ನ ವೈದ್ಯಕೀಯ ದಾಖಲೆಯನ್ನು ತಾನೇ ನೋಡುವ ತಾಣ, ರೋಗಿಗೆ ಉಚಿತ. ಅಪಾಯಿಂಟ್‌ಮೆಂಟ್, ಬಿಲ್, ರೀಫಿಲ್ ಎಲ್ಲ ಸಲೀಸು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೇಳಬೇಕಾದದ್ದು ಬಹಳ ಮಂದಿ ತೆರೆದೇ ನೋಡದ ನೋಟ್ಸ್ ವಿಭಾಗದ ಬಗ್ಗೆ.

ವಿಸಿಟ್ಸ್‌ಗೆ ಹೋಗಿ, ಮುಗಿದ ಭೇಟಿಯೊಂದನ್ನು ಒತ್ತಿದರೆ ಎರಡು ಕಾಣುತ್ತವೆ: ಆಫ್ಟರ್ ವಿಸಿಟ್ ಸಮ್ಮರಿ ಮತ್ತು ನೋಟ್ಸ್. ಸಮ್ಮರಿ ಕೈಗೆ ಕೊಟ್ಟ ಕಾಗದವೇ. ಡಾಕ್ಟರ್ ತಮಗಾಗಿ, ಮುಂದಿನ ಡಾಕ್ಟರಿಗಾಗಿ, ಇನ್ಶೂರೆನ್ಸ್‌ನವರಿಗಾಗಿ ಬರೆದದ್ದು ನೋಟ್ಸ್‌ನಲ್ಲಿರುತ್ತದೆ. 2016ರ ಕ್ಯೂರ್ಸ್ ಕಾಯ್ದೆಯಡಿ ಮಾಡಿದ ನಿಯಮ 2021ರ ಏಪ್ರಿಲ್ 5ರಂದು ಜಾರಿಗೆ ಬಂದ ಮೇಲೆ ಇದನ್ನು ಸಕಾರಣವಿಲ್ಲದೆ ತಡೆಹಿಡಿಯುವಂತಿಲ್ಲ. ಪ್ರತ್ಯೇಕವಾಗಿಡುವ ಸೈಕೋಥೆರಪಿ ಟಿಪ್ಪಣಿ ಮಾತ್ರ ಹೊರತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟಿಪ್ಪಣಿ ಓದಿದ 22,889 ರೋಗಿಗಳ ಪೈಕಿ ಐವರಲ್ಲಿ ಒಬ್ಬರು ತಪ್ಪು ಕಂಡಿತು ಎಂದರು. ಹಾಗೆಂದವರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿಗೆ ಅದು ಗಂಭೀರ ತಪ್ಪೇ ಅನಿಸಿತ್ತು.

ತಪ್ಪು ನುಸುಳುವ ದಾರಿಗಳು ಗೊತ್ತಿರುವಂಥವೇ. ಹಿಂದಿನ ಟಿಪ್ಪಣಿಯನ್ನೇ ನಕಲಿಸಿ ಮೇಲೆ ನಾಲ್ಕು ಸಾಲು ಸೇರಿಸುವ ರೂಢಿಯಿಂದ, ಎರಡು ವರ್ಷದ ಹಿಂದೆ ನಿಲ್ಲಿಸಿದ ಮಾತ್ರೆ ಇನ್ನೂ ನುಂಗುತ್ತಿರುವಂತೆ ಉಳಿದಿರುತ್ತದೆ. ಮೊದಲೇ ತುಂಬಿಟ್ಟ ಟೆಂಪ್ಲೇಟ್‌ನ ಕೃಪೆಯಿಂದ, ಸಾಕ್ಸ್ ಬಿಚ್ಚದಿದ್ದ ಸಕ್ಕರೆ ಕಾಯಿಲೆಯವರಿಗೂ ಪಾದ ಪರೀಕ್ಷೆ ನಾರ್ಮಲ್ ಎಂದು ದಾಖಲಾಗಿಬಿಡಬಹುದು. ಹಾಗಾಗಿ ಮೊದಲು ನೋಡಬೇಕಾದದ್ದು ಔಷಧಿ ಪಟ್ಟಿ, ಅಲರ್ಜಿ, ತೊಂದರೆ ದೇಹದ ಎಡಕ್ಕೋ ಬಲಕ್ಕೋ ಎಂಬುದು, ಕೊನೆಯಲ್ಲಿರುವ ಅಸೆಸ್‌ಮೆಂಟ್ ಮತ್ತು ಪ್ಲಾನ್ (ಡಾಕ್ಟರ್ ತೀರ್ಮಾನ ಮತ್ತು ಮುಂದೆ ಮಾಡಬೇಕಾದದ್ದು). ಆರು ವಾರ ಬಿಟ್ಟು ಸ್ಕ್ಯಾನ್ ಎಂದು ಪ್ಲಾನ್‌ನಲ್ಲಿದ್ದು, ಯಾರೂ ಅಪಾಯಿಂಟ್‌ಮೆಂಟ್ ಕೊಟ್ಟಿಲ್ಲದಿದ್ದರೆ ಗೊತ್ತಾಗುವುದು ಇಲ್ಲೇ. ಅಲರ್ಜಿಯ ಸಾಲಿನಲ್ಲಿ ಔಷಧಿಯ ಹೆಸರಷ್ಟೇ ಸಾಲದು, ಏನಾಯಿತು ಎಂಬುದೂ ಇರಬೇಕು. ಅಮೆರಿಕನ್ನರಲ್ಲಿ ಸುಮಾರು ಶೇ. 10 ಮಂದಿಯ ದಾಖಲೆಯಲ್ಲಿ ಪೆನಿಸಿಲಿನ್ ಅಲರ್ಜಿ ಎಂದಿದೆ, ಪರೀಕ್ಷಿಸಿದರೆ ಬಹುಪಾಲು ಮಂದಿಗೆ ಅದಿರುವುದಿಲ್ಲ. ಎಂದೋ ಹೊಟ್ಟೆ ಕೆಟ್ಟದ್ದು ಅಲರ್ಜಿಯಾಗಿ ಕೂತರೆ, ಬೇಕಾದಾಗ ಸರಿಯಾದ ಆಂಟಿಬಯೋಟಿಕ್ ತಪ್ಪಿಹೋಗುತ್ತದೆ.

ಊರಿಂದ ಬಂದ ಅಪ್ಪ ಅಮ್ಮಂದಿರ ದಾಖಲೆಯಲ್ಲಿ ಬೇರೆಯೇ ತೊಡಕು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ವೀಸಾದಲ್ಲಿ ಇದ್ದ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗಕ್ಕೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಸ್ಪತ್ರೆಯ ಒಂದು ಕೌಂಟರ್ ಅದನ್ನೇ ಹೆಸರೆಂದು ತುಂಬಿದರೆ, ಇನ್ನೊಂದು ಇನಿಷಿಯಲ್ ಬಿಡಿಸಿ ಬರೆಯುತ್ತದೆ. 05-07-1950 ನಮಗೆ ಜುಲೈ 5, ಅವರಿಗೆ ಮೇ 7. ಒಬ್ಬರಿಗೇ ಎರಡು ಚಾರ್ಟ್ ಹುಟ್ಟಿಕೊಂಡು, ಅಲರ್ಜಿ ಒಂದರಲ್ಲಿ, ಆಪರೇಷನ್ ಇನ್ನೊಂದರಲ್ಲಿ ಉಳಿಯುವುದು ಹೀಗೆ. ಹುಟ್ಟಿದ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ಎರಡು ಮೆಡಿಕಲ್ ರೆಕಾರ್ಡ್ ನಂಬರ್ ಕಂಡರೆ ಚಾರ್ಟ್‌ಗಳನ್ನು ಒಂದು ಮಾಡಿ ಎಂದು ಕೇಳಿ. ಔಷಧಿ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರು ಬೇಡ: ಡೋಲೊ 650 ಅಂದರೆ ಅಲ್ಲಿಯ ನರ್ಸ್‌ಗೆ ಏನೂ ಹೊಳೆಯದು, ಅಸಿಟಮಿನೋಫೆನ್ (ನಮ್ಮ ಪ್ಯಾರಾಸಿಟಮಾಲ್) 650 ಮಿಲಿಗ್ರಾಂ ಎಂದಿರಬೇಕು. ಅದರ ಮೇಲೆ ಅಲ್ಲಿಯ ಬ್ರ್ಯಾಂಡ್ ಟೈಲೆನಾಲ್ ನುಂಗಿದರೆ ಅದೇ ಔಷಧಿ ದುಪ್ಪಟ್ಟಾಗುತ್ತದೆ. ದಿನದ ಗರಿಷ್ಠ ಮಿತಿ 4 ಗ್ರಾಂ, ಲಿವರ್ ಸರಿಯಿಲ್ಲದವರಿಗೆ ಇನ್ನೂ ಕಡಿಮೆ. ಆಯುರ್ವೇದದ ಭಸ್ಮವಿದ್ದರೆ ಅದನ್ನೂ ಬರೆಸಿ.

ಇಷ್ಟೆಲ್ಲ ಕಣ್ಣಿಗೆ ಬೀಳಿಸುವ ಮೈಚಾರ್ಟ್, ತಿದ್ದುವ ಮಾತು ಬಂದಾಗ ಕೈಚೆಲ್ಲುತ್ತದೆ. ಔಷಧಿ, ಅಲರ್ಜಿಗಳಿಗೆ ತಿದ್ದುಪಡಿ ಸೂಚಿಸುವ ಗುಂಡಿ ಇದೆ, ಮುಂದಿನ ಭೇಟಿಯಲ್ಲಿ ಸಿಬ್ಬಂದಿ ಒಪ್ಪಿದರೆ ಸರಿಹೋಗುತ್ತದೆ. ಟಿಪ್ಪಣಿಯೊಳಗಿನ ತಪ್ಪಿಗೆ ಡಾಕ್ಟರಿಗೆ ಮೆಸೇಜ್ ಮಾಡಿದರೆ ಒಮ್ಮೊಮ್ಮೆ ಕೆಲಸವಾಗುತ್ತದೆ, ಆದರೆ ಅದನ್ನೇ ನಂಬಿ ಕೂರಬೇಡಿ. ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ ಅಮೆಂಡ್‌ಮೆಂಟ್ ಫಾರ್ಮ್ ತರಿಸಿ, ಟಿಪ್ಪಣಿಯ ದಿನಾಂಕ, ಬರೆದವರ ಹೆಸರು, ತಪ್ಪಿರುವ ವಾಕ್ಯ ಇದ್ದಂತೆಯೇ, ಸರಿಯಾದ ವಾಕ್ಯ, ಪುರಾವೆ ಇಷ್ಟನ್ನೂ ಕೊಡಿ. ರೋಗಿಯ ಮಾಹಿತಿಯ ಗೋಪ್ಯತೆ ಕುರಿತ ಅಮೆರಿಕದ ಹಿಪ್ಪಾ ನಿಯಮದಂತೆ 60 ದಿನದೊಳಗೆ ಉತ್ತರ ಬರಬೇಕು. ವಿಳಂಬಕ್ಕೆ ಕಾರಣವನ್ನು ಬರಹದಲ್ಲಿ ತಿಳಿಸಿ ಒಮ್ಮೆ 30 ದಿನ ಮುಂದೂಡಬಹುದು. ನಿರಾಕರಿಸಿದರೂ ಕಾರಣ ಬರಹದಲ್ಲೇ ಬರಬೇಕು, ನಿಮ್ಮ ಭಿನ್ನಾಭಿಪ್ರಾಯದ ಹೇಳಿಕೆ ಕಡತಕ್ಕೆ ಸೇರಬೇಕು. ಹಳೆಯ ವಾಕ್ಯ ಅಳಿಸಿಹೋಗುತ್ತದೆ ಎಂದು ಮಾತ್ರ ನಿರೀಕ್ಷಿಸಬೇಡಿ, ತಿದ್ದುಪಡಿ ಅದರ ಜೊತೆಗೆ ಸೇರುತ್ತದೆ ಅಷ್ಟೆ.

ರಿಪೋರ್ಟ್‌ಗಳು ಸಾಮಾನ್ಯವಾಗಿ ಸಿದ್ಧವಾದ ಕೂಡಲೇ ಬಂದುಬಿಡುತ್ತವೆ. ಬಯಾಪ್ಸಿ ಫಲಿತಾಂಶ ಶುಕ್ರವಾರ ಸಂಜೆ ಮೊಬೈಲಿಗೆ ಬಂದು, ಡಾಕ್ಟರ್ ಸೋಮವಾರ ಸಿಗುವುದೂ ಉಂಟು. ಅಂಥ ಪರೀಕ್ಷೆಗೆ ಮುಂಚೆಯೇ ನೋಟಿಫಿಕೇಶನ್ ಆಫ್ ಮಾಡಿ, ಯಾವತ್ತು ಫೋನ್ ಮಾಡುತ್ತೀರಿ ಎಂದು ಕೇಳಿಕೊಳ್ಳುವುದು ವಾಸಿ. ಮೆಸೇಜ್‌ಗೆ ಉತ್ತರ ಎರಡು ಮೂರು ಕೆಲಸದ ದಿನ ಹಿಡಿಯಬಹುದು. ಎದೆನೋವಿಗೆ 911, ಪೋರ್ಟಲ್ ಅಲ್ಲ. ಡಾಕ್ಟರ್ ಸಮಯ ಬೇಡುವ ಮೆಸೇಜ್‌ಗೆ ಕೆಲವು ಆಸ್ಪತ್ರೆಗಳು ಬಿಲ್ ಹಾಕುತ್ತವೆ, ಅದೂ ನೆನಪಿರಲಿ.

ಅಪ್ಪನ ಪಾಸ್‌ವರ್ಡ್‌ನಲ್ಲಿ ಮಗ ಒಳಹೋಗುವುದು ನಮ್ಮವರ ರೂಢಿ. ಆಗ ಮಗ ಬರೆದದ್ದೂ ಅಪ್ಪನ ಮಾತೆಂದೇ ದಾಖಲಾಗುತ್ತದೆ. ಪ್ರಾಕ್ಸಿ ಆಕ್ಸೆಸ್ ಫಾರ್ಮ್‌ಗೆ ಅಪ್ಪನ ಸಹಿ ಹಾಕಿಸಿದರೆ ಮಗನದೇ ಲಾಗಿನ್‌ನಿಂದ ನೋಡಬಹುದು. ಡಾಕ್ಟರ್ ಮುಂದೆ ಮಗನೇ ದುಭಾಷಿಯಾಗಬೇಕಿಲ್ಲ, ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಬುಕ್ ಮಾಡುವಾಗಲೇ ಕನ್ನಡ ಎಂದು ಹೇಳಿ, ಫೋನ್‌ನಲ್ಲಾದರೂ ಸಿಗಬಹುದು.

ಊರಿಗೆ ಮರಳುವವರಿಗೆ ಎರಡು ಮಾತು. ಎಕ್ಸ್‌ರೇ, ಎಂಆರ್‌ಐ ವರದಿ ಪೋರ್ಟಲ್‌ನಲ್ಲಿದ್ದರೂ ಚಿತ್ರ ಇರುತ್ತದೆಂಬ ಖಾತ್ರಿಯಿಲ್ಲ, ರೇಡಿಯಾಲಜಿಯಿಂದ ಸಿಡಿ ಕೇಳಿ ಪಡೆಯಿರಿ. ಲಾಗಿನ್‌ನ ಎರಡನೇ ಹಂತದ ಕೋಡ್ ಅಮೆರಿಕದ ನಂಬರಿಗೆ ಬರುತ್ತಿದ್ದರೆ, ಆ ಸಿಮ್ ನಿಲ್ಲಿಸುವ ಮೊದಲೇ ಅದನ್ನು ಇಮೇಲ್‌ಗೆ ಬದಲಿಸಿ.