ಮೂರು ವರ್ಷದಿಂದ ಈ ಟ್ರೈಲರೇ ಮನೆ: ಎಲ್ಲಾ ಇಷ್ಟ, ಆ ಟ್ಯಾಂಕ್ ಮೀಟರ್ ಒಂದು ಬಿಟ್ಟು

ಪಿಕಪ್ ಹಿಂದೆ ಕಟ್ಟಿ ಎಳೆಯುವ, ಒಲೆ, ಬಚ್ಚಲು ಎಲ್ಲ ಇರುವ ಈ ಟ್ರೈಲರ್ ಕೊಂಡು ಮೂರು ವರ್ಷ ತುಂಬಿತು. ರಜೆಗೆ ನಾಲ್ಕು ದಿನ ಎಳೆದುಕೊಂಡು ಹೋಗಿ ಬಂದವರ ಮಾತಲ್ಲ ಇದು. ನಾನೂ ನಮ್ಮ ಯಜಮಾನರೂ ರಿಟೈರ್ ಆದ ಮೇಲೆ ಮನೆ ಮಾರಿದೆವು. ಈಗ ಅಮೆರಿಕ ಸುತ್ತುತ್ತಾ ವರ್ಷಪೂರ್ತಿ ಇದರಲ್ಲೇ ವಾಸ. ಚಳಿಗಾಲಕ್ಕೆ ಅರಿಜೋನಾ, ಟೆಕ್ಸಾಸ್. ಬೇಸಿಗೆಗೆ ಮೊಂಟಾನಾ, ವಯೋಮಿಂಗ್. ನಡುವೆ ಯೂಟಾ.

ಉದ್ದ, ತೂಕ, ಎಷ್ಟು ಜನ ಮಲಗಬಹುದು ಅನ್ನೋದೆಲ್ಲ ಬ್ರೋಷರ್‌ನಲ್ಲಿದೆ, ಕೊಳ್ಳುವ ಯೋಚನೆ ಇರುವವರು ಆಗಲೇ ನೋಡಿರುತ್ತೀರಿ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ದೂರುವ ಭಾಗ, ಅಂದರೆ ಟ್ಯಾಂಕ್ ಎಷ್ಟು ತುಂಬಿದೆ ಅಂತ ತೋರಿಸುವ ಮೀಟರ್, ನಮ್ಮದರಲ್ಲಿ ಮಾತ್ರ ಇರುವಂಥದ್ದಲ್ಲ. ಅಕ್ಕಪಕ್ಕದ ಸೈಟಿನವರ ಬೇರೆ ಬೇರೆ ಟ್ರೈಲರ್‌ಗಳಲ್ಲೂ ಅದೇ ಪ್ಯಾನಲ್, ಅದೇ ನಾಲ್ಕು ದೀಪ ನೋಡಿದ್ದೇನೆ. ಮೂರು ಅಂಕಿ ಮಾತ್ರ ನೆನಪಿಟ್ಟುಕೊಳ್ಳಿ. ಒಳ್ಳೆ ನೀರಿನ ಟ್ಯಾಂಕ್ 40 ಗ್ಯಾಲನ್. ಗ್ರೇ ಟ್ಯಾಂಕ್ 30 ಗ್ಯಾಲನ್, ಅಂದರೆ ಬಚ್ಚಲ ನೀರು, ಮುಸುರೆ ನೀರು ಹೋಗಿ ಸೇರುವ ಜಾಗ. ಟಾಯ್ಲೆಟ್‌ನ ಬ್ಲ್ಯಾಕ್ ಟ್ಯಾಂಕ್ ಕೂಡ 30 ಗ್ಯಾಲನ್.

ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಪ್ಯಾನಲ್ ಇದೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ: ಖಾಲಿ, ಮೂರನೇ ಒಂದು, ಮೂರನೇ ಎರಡು, ತುಂಬಿದೆ. ನಮ್ಮ ಗ್ರೇ ಟ್ಯಾಂಕ್ ಮೀಟರ್ ಮೊದಲ ಎರಡು ತಿಂಗಳು ಸರಿಯಾಗಿತ್ತು. ಆಮೇಲೆ ಮೂರನೇ ಎರಡಕ್ಕೆ ಬಂದು ನಿಂತುಬಿಟ್ಟಿತು. ಖಾಲಿ ಮಾಡಿ ಬಂದ ದಿನವೂ ಮೂರನೇ ಎರಡು. ತುಂಬಿ ತುಳುಕುವ ದಿನವೂ ಮೂರನೇ ಎರಡು.

ಅದು ಗೊತ್ತಾಗಿದ್ದು ಮೊದಲ ಚಳಿಗಾಲದಲ್ಲಿ, ಅರಿಜೋನಾದ ಕ್ವಾರ್ಟ್‌ಸೈಟ್ ಹತ್ತಿರದ ಲಾ ಪೋಸಾದಲ್ಲಿ. ಸರ್ಕಾರಿ ಮರುಭೂಮಿ ಅದು, ಬಿಎಲ್‌ಎಂ ಅನ್ನುವ ಕೇಂದ್ರ ಸರ್ಕಾರದ ಭೂ ಇಲಾಖೆ ನೋಡಿಕೊಳ್ಳುತ್ತದೆ. ಬೇರೆ ಬಿಎಲ್‌ಎಂ ಜಾಗಗಳಲ್ಲಿ ಸಾಮಾನ್ಯವಾಗಿ 14 ದಿನಕ್ಕಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಇಲ್ಲಿ ಪರ್ಮಿಟ್ ತೆಗೆದುಕೊಂಡರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದು. ನಾವು ಕೊಟ್ಟಿದ್ದು 180 ಡಾಲರ್, ಏಳು ತಿಂಗಳಿಗೆ! ಆದರೆ ಸೈಟಿನಲ್ಲಿ ಕರೆಂಟಿಲ್ಲ, ನಲ್ಲಿ ಇಲ್ಲ, ಚರಂಡಿ ಇಲ್ಲ. ನೀರು ಹಿಡಿಯುವುದು, ಟ್ಯಾಂಕ್ ಖಾಲಿ ಮಾಡುವುದು ಎರಡಕ್ಕೂ ಟ್ರೈಲರ್ ಕಟ್ಟಿಕೊಂಡು ಡಂಪ್ ಸ್ಟೇಷನ್‌ಗೆ, ಅಂದರೆ ಕೊಳೆನೀರು ಸುರಿಯಲು ಮಾಡಿಟ್ಟ ಜಾಗಕ್ಕೆ, ಹೋಗಬೇಕು.

ಒಂದು ರಾತ್ರಿ ಹತ್ತೂವರೆ ಇರಬೇಕು. ಪಾತ್ರೆ ತೊಳೆದು ಸಿಂಕಿನ ಬಿರಡೆ ತೆಗೆದೆ. ಬಚ್ಚಲಿನಿಂದ ಗುಳುಗುಳು ಸದ್ದು ಬಂತು. ಹೋಗಿ ನೋಡಿದರೆ ಶವರ್ ತಟ್ಟೆಯ ತೂತಿನಿಂದ ಮುಸುರೆ ನೀರು ಮೇಲೆ ಉಕ್ಕುತ್ತಿದೆ, ಸಾರಿನ ಕರಿಬೇವು ತೇಲುತ್ತಿದೆ. ಟ್ರೈಲರ್‌ನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ತೂತು ಅದೇ. ಗ್ರೇ ಟ್ಯಾಂಕ್ ತುಂಬಿದರೆ ನೀರು ಮೊದಲು ಬರುವುದು ಅಲ್ಲಿಗೆ.

“ರೀ, ಬೇಗ ಬನ್ನಿ ಇಲ್ಲಿ” ಅಂದೆ.

“ಇನ್ನೂ ಮೂರನೇ ಎರಡು ತೋರಿಸ್ತಾ ಇದೆಯಲ್ಲೇ” ಅಂದರು, ಗುಂಡಿ ಒತ್ತಿಕೊಂಡೇ.

ಆ ನೀರನ್ನು ಮಗ್‌ನಲ್ಲಿ ಮೊಗೆದು ಬಕೆಟ್‌ಗೆ ತುಂಬಿದೆವು. ಹೊರಗೆ ಚೆಲ್ಲುವ ಹಾಗಿಲ್ಲ, ಚೆಲ್ಲಲೂಬಾರದು, ಹತ್ತು ಹೆಜ್ಜೆ ಆಚೆ ಇನ್ನೊಬ್ಬರ ಮನೆ ಇದೆ. ಬೆಳಿಗ್ಗೆಯವರೆಗೆ ಆ ಬಕೆಟ್ ಬಾಗಿಲ ಹತ್ತಿರವೇ ಇತ್ತು. ವಾಸನೆಗೆ ನನಗೆ ನಿದ್ದೆ ಬರಲಿಲ್ಲ. ಇಷ್ಟು ದುಡ್ಡು ಕೊಟ್ಟು ಕೊಂಡ ಮನೆಯಲ್ಲಿ ಹೀಗಾಯಿತಲ್ಲ ಅಂತ ನಿಜವಾಗಿ ಅಳು ಬಂದಿತ್ತು.

ಹೀಗೇಕಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆವು. ಟ್ಯಾಂಕಿನ ಗೋಡೆಗೆ ಬೇರೆ ಬೇರೆ ಎತ್ತರದಲ್ಲಿ ಲೋಹದ ತಿರುಪು ಕೂರಿಸಿರುತ್ತಾರೆ. ನೀರು ಆ ತಿರುಪು ಮುಟ್ಟಿದರೆ ಸಣ್ಣ ಕರೆಂಟ್ ಹರಿದು ದೀಪ ಹತ್ತುತ್ತದೆ. ಅಷ್ಟೇ ಅದರ ಜಾಣತನ. ಸೋಪಿನ ಜಿಡ್ಡು, ಎಣ್ಣೆ, ಅನ್ನದ ಅಗುಳು ತಿರುಪಿನ ಸುತ್ತ ಮೆತ್ತಿಕೊಂಡರೆ ನೀರು ಇಳಿದ ಮೇಲೂ ಆ ಒದ್ದೆ ಪದರದಲ್ಲೇ ಕರೆಂಟ್ ಹರಿಯುತ್ತಿರುತ್ತದೆ. ನಮ್ಮದರಲ್ಲಿ ಕೆಳಗಿನವು ಹೀಗೆ ಮೆತ್ತಿಕೊಂಡಿದ್ದವು, ಮೇಲಿನದರ ವೈರ್ ತುಕ್ಕು ಹಿಡಿದು ಬಿಟ್ಟೇ ಹೋಗಿತ್ತು. ಬ್ಲ್ಯಾಕ್ ಟ್ಯಾಂಕಿನ ಕಥೆ ಬೇರೆ, ಅಲ್ಲಿ ಪೇಪರ್ ಅಂಟಿಕೊಂಡು ಯಾವಾಗ ನೋಡಿದರೂ “ತುಂಬಿದೆ”.

ಕೇಳಿದ ಉಪಾಯವನ್ನೆಲ್ಲ ಮಾಡಿದೆವು. ಟ್ಯಾಂಕಿಗೆ ಐಸ್ ಸುರಿದು ಗಾಡಿ ಓಡಿಸಿದೆವು. ಪಾತ್ರೆ ಸೋಪು ಹಾಕಿ ರಾತ್ರಿಯಿಡೀ ಬಿಟ್ಟೆವು. ಅಂಗಡಿಯಲ್ಲಿ ಸಿಗುವ ಟ್ಯಾಂಕ್ ಕ್ಲೀನರ್ ಹಾಕಿದೆವು. ಎರಡು ದಿನ ಸರಿ, ಮೂರನೇ ದಿನ ಅದೇ ಹಾಡು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಕಿಟಕಿಯ ಮೂಲೆಯಲ್ಲಿ ಮಳೆ ನೀರು ಸೋರಿದಾಗ ಗಾಡಿಯನ್ನು ಸರ್ವಿಸ್‌ಗೆ ಬಿಟ್ಟೆವು. ಹತ್ತು ದಿನ ಅಂದಿದ್ದರು, 26 ದಿನ ಆಯಿತು. ಬೇರೆಯವರಿಗೆ ಗಾಡಿ ರಿಪೇರಿಯಲ್ಲಿದೆ ಅಂದರೆ ಗಾಡಿ ಇಲ್ಲ ಅಂತ. ನಮಗೆ ಮನೆಯೇ ಇಲ್ಲ. ಮೋಟೆಲ್ ಬಿಲ್ಲು ನಮ್ಮ ಎರಡು ತಿಂಗಳ ಕ್ಯಾಂಪ್‌ಗ್ರೌಂಡ್ ಖರ್ಚಿಗಿಂತ ಜಾಸ್ತಿಯಾಯಿತು. ಮೀಟರನ್ನೂ ನೋಡಿ ಅಂದಿದ್ದಕ್ಕೆ, ಎಲ್ಲರದ್ದೂ ಹೀಗೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಅಂದರು. ಇಡೀ ಮೂರು ವರ್ಷದಲ್ಲಿ ನನಗೆ ಅತಿ ಬೇಸರವಾದ ಮಾತು ಇದು. ಎಲ್ಲರದ್ದೂ ಹೀಗೇ ಇದ್ದರೆ ಯಾಕೆ ಅದನ್ನೇ ಹಾಕುತ್ತೀರಿ? ಪೂರ್ತಿ ಸಮಯ ಇದರಲ್ಲೇ ಇರಬೇಕು ಅಂದುಕೊಂಡವರು ವಾರಂಟಿ ಕಾಗದವನ್ನೂ ಇನ್ಶೂರೆನ್ಸ್ ಕಾಗದವನ್ನೂ ಪೂರ್ತಿ ಓದಿ. ಮನೆಯಾಗಿ ಬಳಸಿದರೆ ವಾರಂಟಿ ಅನ್ವಯಿಸುವುದಿಲ್ಲ ಅನ್ನುವ ಸಾಲು ಎಷ್ಟೋ ಕಂಪನಿಗಳ ಕಾಗದದಲ್ಲಿ ಇರುತ್ತದೆ.

ಮೋಟೆಲ್‌ನಿಂದ ಟ್ರೈಲರ್‌ಗೆ ವಾಪಸ್ ಬಂದ ದಿನ ನಾನು ಇವರಿಗೆ ಹೇಳಿದೆ, ಒಂದು ಬಕೆಟ್ ತಂದುಕೊಡಿ, ಸಣ್ಣದು, ಎಂಟು ಲೀಟರಿನದು. ಸ್ಟೀಲ್ ಚೊಂಬು ಮನೆ ಮಾರುವಾಗ ಬಿಡಲು ಮನಸ್ಸಾಗದೆ ಜೊತೆಗೇ ತಂದಿದ್ದೆ.

ಲೆಕ್ಕ ನೋಡಿ. ನಮ್ಮ ಶವರ್‌ನಲ್ಲಿ ನಿಮಿಷಕ್ಕೆ ಆರು ಲೀಟರ್ ನೀರು ಬರುತ್ತದೆ, ಅಳೆದು ನೋಡಿದ್ದೇನೆ. ನಾಲ್ಕು ನಿಮಿಷದ ಸ್ನಾನ ಅಂದರೆ 24 ಲೀಟರ್, ಇಬ್ಬರಿಗೆ 48. ಅದರ ಮೇಲೆ ಪಾತ್ರೆ ನೀರು. 30 ಗ್ಯಾಲನ್ ಅಂದರೆ ಸುಮಾರು 114 ಲೀಟರ್, ಎರಡು ದಿನಕ್ಕೆ ಮುಗಿಯಿತು. ಈಗ ತಲಾ ಒಂದು ಬಕೆಟ್ ಸ್ನಾನಕ್ಕೆ, ಒಂದು ಬಕೆಟ್ ಪಾತ್ರೆಗೆ. ದಿನಕ್ಕೆ ಮೂರು ಬಕೆಟ್. ಒಂದೊಂದಕ್ಕೂ ಫ್ರಿಜ್ ಮೇಲಿನ ಬಿಳಿ ಬೋರ್ಡಿನಲ್ಲಿ ಒಂದು ಗೆರೆ. ಟ್ಯಾಂಕಿಗೆ 14 ಬಕೆಟ್ ಹಿಡಿಯುತ್ತದೆ. ಕೈ ತೊಳೆದದ್ದು, ಹಲ್ಲುಜ್ಜಿದ್ದು ಇರುತ್ತದಲ್ಲ, ಅದಕ್ಕೆ ಎರಡು ಬಿಟ್ಟು 12 ಗೆರೆಯಾದಾಗ ಡಂಪ್ ಮಾಡುತ್ತೇವೆ. ನಾಲ್ಕು ದಿನ ಬರುತ್ತದೆ. ಚಳಿಯಲ್ಲಿ ದಿನ ಬಿಟ್ಟು ದಿನ ಸ್ನಾನ ಮಾಡಿದರೆ ಆರು ದಿನ. ಒಂದು ಸಲವೂ ಆಮೇಲೆ ಉಕ್ಕಿಲ್ಲ.

ಚೊಂಬಿನ ಸ್ನಾನ ಇಷ್ಟು ಹಿತ ಅನ್ನುವುದೇ ನನಗೆ ಮರೆತುಹೋಗಿತ್ತು. ಬೆಳಿಗ್ಗೆ ಹೀಟರ್ ಹಾಕಿ ಕಾಲು ಗಂಟೆ ಕಾಯುತ್ತೇನೆ. ಬಿಸಿನೀರು ಬರುವ ಮುಂಚೆ ಪೈಪಿನಲ್ಲಿರುವ ಮೂರು ಲೀಟರ್ ತಣ್ಣೀರು ಸುಮ್ನೆ ಹೋಗಬಾರದು, ಅದನ್ನು ಒಂದು ಪಾತ್ರೆಗೆ ಹಿಡಿದು ಕುಕ್ಕರ್‌ಗೆ, ಕಾಫಿಗೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಬಕೆಟ್ ತುಂಬುತ್ತದೆ. ಬಚ್ಚಲು ಇಕ್ಕಟ್ಟು, ಮೊಣಕೈ ಗೋಡೆಗೆ ತಾಗುತ್ತದೆ. ಸಣ್ಣ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಮೊದಲ ಚೊಂಬು ಬೆನ್ನಿಗೆ ಸುರಿದುಕೊಂಡಾಗ ತಲೆಯ ಮೇಲಿನ ಗವಾಕ್ಷಿಯಿಂದ ಬಿಸಿಲು ಬೀಳುತ್ತಿರುತ್ತದೆ. ಎಂಟು ಲೀಟರಿನಲ್ಲಿ ನನ್ನ ತಲೆಸ್ನಾನವೂ ಆಗುತ್ತದೆ. ಇವರು ಒಂದು ಚೊಂಬು ಉಳಿಸಿ ನನ್ನ ಕೊತ್ತಂಬರಿ ಕುಂಡಕ್ಕೆ ಹಾಕುತ್ತಾರೆ.

ಡಂಪ್ ದಿನಕ್ಕೂ ಒಂದು ಕ್ರಮ ಬಂದುಬಿಟ್ಟಿದೆ. ಇವರು ಗ್ಲೌಸ್ ಹಾಕಿಕೊಂಡು ಮೂರಿಂಚಿನ ಪೈಪ್ ಜೋಡಿಸುತ್ತಾರೆ, ನಾನು ಒಳಗಿಂದ ಕಿಟಕಿಯಲ್ಲಿ ನೋಡುತ್ತಿರುತ್ತೇನೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಗ್ರೇ ಟ್ಯಾಂಕಿನ ಸೋಪು ನೀರು ಕೊನೆಗೆ ಹರಿದು ಬಂದು ಪೈಪನ್ನು ಗಲಬರಿಸಿಕೊಂಡು ಹೋಗುತ್ತದೆ. ಪಾರದರ್ಶಕ ಮೊಣಕೈ ಪೈಪ್ ಒಂದು ತೆಗೆದುಕೊಳ್ಳಿ, ನೀರು ತಿಳಿಯಾದದ್ದು ಕಣ್ಣಿಗೇ ಕಾಣುತ್ತದೆ. ಫುಲ್ ಹುಕ್‌ಅಪ್, ಅಂದರೆ ಸೈಟಿನಲ್ಲೇ ಕರೆಂಟು, ನಲ್ಲಿ, ಚರಂಡಿ ಇರುವ ಕಡೆ ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಡಬೇಡಿ. ನೀರು ಹೋಗಿ ಗಟ್ಟಿ ಮಾತ್ರ ಗುಡ್ಡೆಯಾಗಿ ಕೂರುತ್ತದೆ, ಅದನ್ನು ಕರಗಿಸುವುದು ಬಹಳ ಕಷ್ಟ.

ಈ ನೀರಿನ ಲೆಕ್ಕ ಕೈಗೆ ಬಂದ ಮೇಲೆ ನಮ್ಮ ತಿರುಗಾಟವೇ ಬದಲಾಯಿತು. ಮೊದಲು ನಲ್ಲಿ, ಚರಂಡಿ ಇರುವ ಖಾಸಗಿ ಪಾರ್ಕ್ ಹುಡುಕಿಕೊಂಡು ಹೋಗುತ್ತಿದ್ದೆವು. ಈಗ ಹುಕ್‌ಅಪ್ ಇಲ್ಲದ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ಗಳಿಗೇ ಜಾಸ್ತಿ ಹೋಗುತ್ತೇವೆ. ಇಬ್ಬರಿಗೂ 62 ದಾಟಿದೆ. 80 ಡಾಲರ್ ಕೊಟ್ಟು ನ್ಯಾಷನಲ್ ಪಾರ್ಕ್‌ಗಳ ಜೀವಮಾನದ ಸೀನಿಯರ್ ಪಾಸ್ ಮಾಡಿಸಿದ್ದೇವೆ. ಎಷ್ಟೋ ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅದಕ್ಕೆ ಅರ್ಧ ದರ. 24 ಡಾಲರಿನ ಸೈಟು 12ಕ್ಕೆ ಸಿಗುತ್ತದೆ. ನಮ್ಮ ಪೆನ್ಷನ್‌ನಲ್ಲಿ ಇದು ದೊಡ್ಡ ವ್ಯತ್ಯಾಸ.

ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನ ಆಪ್ಗಾರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಹತ್ತು ದಿನ ಇದ್ದೆವು. ಕೆರೆ ನಡೆದು ಹೋಗುವಷ್ಟು ಹತ್ತಿರ. ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ, ಹಾಗಾಗಿ ಟ್ರೈಲರ್ ಸೈಟಿನಲ್ಲೇ ಬಿಟ್ಟು ಪಿಕಪ್‌ನಲ್ಲಿ ಹೋದೆವು. ಎಳೆಯುವ ಟ್ರೈಲರ್ ತೆಗೆದುಕೊಂಡಿದ್ದಕ್ಕೆ ಅವತ್ತು ಸಮಾಧಾನವಾಯಿತು, ಮನೆ ನಿಂತಲ್ಲೇ ನಿಂತಿರುತ್ತದೆ, ನಾವು ಸುತ್ತಿ ಬರಬಹುದು. ಯೆಲ್ಲೊಸ್ಟೋನ್‌ನ ಫಿಶಿಂಗ್ ಬ್ರಿಡ್ಜ್‌ನಲ್ಲಿ ಕರಡಿ ಓಡಾಡುವುದರಿಂದ ಬಟ್ಟೆಯ ಗೋಡೆ ಇರುವ ಗಾಡಿಗೆ, ಟೆಂಟಿಗೆ ಜಾಗ ಕೊಡುವುದಿಲ್ಲ. ನಮ್ಮದು ಗಟ್ಟಿ ಗೋಡೆ, ಕೊಟ್ಟರು. ಅಲ್ಲಿ ಮಾತ್ರ ಒಗ್ಗರಣೆ ಒಳಗೇ ಹಾಕಿದೆ. ಬೇರೆ ಕಡೆ ಹೊರಗಿನ ಒಲೆಯಲ್ಲಿ ಹಾಕುತ್ತೇನೆ, ಇಲ್ಲದಿದ್ದರೆ ಸಾಸಿವೆ ಸಿಡಿಯುವ ಮುಂಚೆ ಹೊಗೆ ಅಲಾರಂ ಕೂಗುತ್ತದೆ. ಬ್ರೈಸ್ ಕ್ಯಾನಿಯನ್‌ನ ಕ್ಯಾಂಪ್‌ಗ್ರೌಂಡ್ ಸುಮಾರು 8,000 ಅಡಿ ಎತ್ತರದಲ್ಲಿದೆ. ಅಲ್ಲಿ ಬೇಳೆ ಬೇಯಲು ಕುಕ್ಕರ್ ಇಲ್ಲದೆ ಆಗುವುದೇ ಇಲ್ಲ.

ಕರೆಂಟಿನ ವಿಷಯಕ್ಕೆ ಒಂದೇ ಮಾತು. ನಮ್ಮದು 30 ಆಂಪ್, ಒಟ್ಟು 3,600 ವ್ಯಾಟ್. ಎಸಿ, ವಾಟರ್ ಹೀಟರ್, ಮೈಕ್ರೋವೇವ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. “ಮಿಕ್ಸಿ ಹಾಕ್ತೀನಿ ರೀ” ಅಂತ ನಾನು ಕೂಗಿದರೆ ಇವರು ಹೀಟರ್ ಆಫ್ ಮಾಡುತ್ತಾರೆ.

ಹಾಗಾದರೆ ಕೊಳ್ಳಬಹುದಾ? ಇಬ್ಬರೇ ಇದ್ದರೆ, ಶವರ್‌ನಲ್ಲಿ ಹತ್ತು ನಿಮಿಷ ನಿಲ್ಲುವ ಅಭ್ಯಾಸ ಇಲ್ಲದಿದ್ದರೆ ಧಾರಾಳವಾಗಿ ಕೊಳ್ಳಿ. ಮಕ್ಕಳಿದ್ದರೆ ಗ್ರೇ ಟ್ಯಾಂಕ್ 50 ಗ್ಯಾಲನ್‌ಗಿಂತ ಕಡಿಮೆ ಇರುವುದನ್ನು ನಾನಂತೂ ಕೊಳ್ಳುವುದಿಲ್ಲ. ಚಾವಣಿಯ ಸೀಲಂಟನ್ನು, ಅಂದರೆ ಮಳೆ ನೀರು ಸೋರದಂತೆ ಸಂದಿಗೆ ಹಚ್ಚಿರುವ ಅಂಟನ್ನು, ಮೂರು ತಿಂಗಳಿಗೊಮ್ಮೆ ಹತ್ತಿ ನೋಡಿ, ಅದಕ್ಕೆ ಸೋಮಾರಿತನ ಬೇಡ. ಟ್ಯಾಂಕಿನ ಹೊರಗೋಡೆಗೆ ಅಂಟಿಸುವ ಸೆನ್ಸರ್ ಪಟ್ಟಿ ಬರುತ್ತದೆ, ನೀರನ್ನು ಮುಟ್ಟುವುದೇ ಇಲ್ಲವಾದ್ದರಿಂದ ಜಿಡ್ಡಿನ ತೊಂದರೆ ಅಷ್ಟಾಗಿ ಇರುವುದಿಲ್ಲ. ಹೊಸ ಗಾಡಿಯಾದರೆ ಡೆಲಿವರಿಗೆ ಮುಂಚೆಯೇ ಅದನ್ನು ಹಾಕಿಸಿಕೊಳ್ಳಿ, ಆಮೇಲೆ ಹಾಕಿಸಬೇಕೆಂದರೆ ಗಾಡಿಯ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹಾಳೆ ಪೂರ್ತಿ ಬಿಚ್ಚಬೇಕು. ಇವರು ನಮ್ಮದಕ್ಕೂ ಹಾಕಿಸೋಣ ಅನ್ನುತ್ತಿದ್ದಾರೆ. ನನಗೆ ಬೋರ್ಡು ಸಾಕು.

ಈಗ ಟೆಕ್ಸಾಸ್‌ನ ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ನ ರಿಯೋ ಗ್ರಾಂಡೆ ವಿಲೇಜ್ ಕ್ಯಾಂಪ್‌ಗ್ರೌಂಡ್‌ನಲ್ಲಿದ್ದೇವೆ. ಬೆಳಿಗ್ಗೆ ರೋಡ್‌ರನ್ನರ್ ಹಕ್ಕಿಯೊಂದು ಮೆಟ್ಟಿಲವರೆಗೂ ಬಂದು ಹೋಯಿತು. ಇದನ್ನು ಬರೆಯುತ್ತಾ ಗುಂಡಿ ಒತ್ತಿ ನೋಡಿದೆ, ಮೂರನೇ ಎರಡು ಅಂತಿದೆ. ಬೋರ್ಡಿನಲ್ಲಿ ನಾಲ್ಕು ಗೆರೆ ಇವೆ. ಇವರು ಸ್ನಾನಕ್ಕೆ ಹೋಗಿದ್ದಾರೆ, ಈಗ ಐದನೆಯದು ಹಾಕಬೇಕು.