ನಾನಾ ಪೇಠೆಯಲ್ಲಿ ಕಾರಿಗೆ ಸ್ಪೀಕರ್ ಹಾಕಿಸಿದೆ: ಮೊದಲು ಬಾಗಿಲು, ಆಮೇಲೆ ಬ್ರ್ಯಾಂಡ್

ಪುಣೆಯಲ್ಲಿ ಕಾರಿಗೆ ಏನೇ ಹಾಕಿಸಬೇಕೆಂದರೂ ಜನ ಮೊದಲು ಹೇಳುವುದು ನಾನಾ ಪೇಠೆಯ ಹೆಸರು. ಸೀಟ್ ಕವರ್, ಹಾರ್ನ್, ಫಾಗ್ ಲ್ಯಾಂಪ್, ಸ್ಪೀಕರ್, ಎಲ್ಲಾ ಸಿಗುತ್ತದೆ. ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ. ನನ್ನ ಸ್ವಿಫ್ಟ್‌ಗೆ ಆಡಿಯೋ ಸಿಸ್ಟಮ್ ಹಾಕಿಕೊಟ್ಟ ಅಂಗಡಿಯೂ ಅಲ್ಲೇ ಒಂದು ಗಲ್ಲಿಯಲ್ಲಿದೆ. ಇಲ್ಲಿನ ನಮ್ಮ ಕನ್ನಡದ ಗೆಳೆಯರು "ಎಲ್ಲಿ ಹಾಕಿಸಿದ್ರಿ, ಏನೇನು ಹಾಕಿಸಿದ್ರಿ" ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೆ ಒಮ್ಮೆಗೇ ಬರೆದುಬಿಡುತ್ತೇನೆ. ಹೊಗಳಿಕೆಯ ಜೊತೆ ಒಂದೆರಡು ದೂರುಗಳೂ ಇವೆ, ಹಾಗಾಗಿ ಅಂಗಡಿಯ ಹೆಸರು ಹಾಕುತ್ತಿಲ್ಲ.

ನನಗೆ ಬೇಕಾಗಿದ್ದು ಇಷ್ಟೇ. ಹುಬ್ಬಳ್ಳಿಗೆ ಹೋಗುವಾಗ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಅಂತ ಹೈವೇ ಉದ್ದಕ್ಕೂ ಟೈರಿನ ಸದ್ದಿನ ನಡುವೆಯೂ ಹಾಡು ಸ್ಪಷ್ಟವಾಗಿ ಕೇಳಬೇಕು. ನಾನು ಕೇಳುವುದೂ ಹೆಚ್ಚಾಗಿ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್. ಕಂಪನಿಯಿಂದ ಬಂದ ಸ್ಪೀಕರ್‌ನಲ್ಲಿ ತಂಬೂರಿ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಬಾಗಿಲು ಗಡಗಡ ಅನ್ನುತ್ತಿತ್ತು.

ಮೊದಲು ಕೇಳಿದ್ದು ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ. ಅಲ್ಲಿನವನು ನನ್ನ ಮಾತು ಮುಗಿಯುವ ಮೊದಲೇ ಕೌಂಟರ್ ಮೇಲೆ ಒಂದು ದೊಡ್ಡ ಡಬ್ಬಿ ಇಟ್ಟು "ಹಜಾರ್ ವ್ಯಾಟ್, ಸರ್" ಅಂದ. ಈ ಹಜಾರ್ ವ್ಯಾಟ್ ಪೀಕ್ ಲೆಕ್ಕ, ಒಂದು ಕ್ಷಣಕ್ಕೆ ಎಷ್ಟು ತಡೆದೀತು ಅಂತ. ನೋಡಬೇಕಾದ್ದು ನಿರಂತರವಾಗಿ ಎಷ್ಟು ತಡೆಯುತ್ತದೆ ಅಂತ ಹೇಳುವ ಆರ್‌ಎಂಎಸ್ ವ್ಯಾಟ್, ಅದು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ. ಸ್ಟೀರಿಯೋ ಡಬ್ಬಿಯ ಮೇಲೆ ಬರೆಯುವ "50 ವ್ಯಾಟ್ x 4" ಕೂಡ ಹೀಗೇ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14 ವೋಲ್ಟ್. ಅಷ್ಟರಲ್ಲಿ ಸ್ಟೀರಿಯೋ ಒಳಗಿನ ಚಿಪ್ 4 ಓಮ್‌ನ ಒಂದು ಸ್ಪೀಕರ್‌ಗೆ 20 ವ್ಯಾಟ್ ಆಸುಪಾಸು ಶುದ್ಧವಾಗಿ ಕೊಟ್ಟರೆ ಅದೇ ಹೆಚ್ಚು. ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆ ಆಂಪ್ಲಿಫೈಯರ್ ಹಾಕಬೇಕು, ಅದರೊಳಗೆ ವೋಲ್ಟೇಜ್ ಏರಿಸುವ ಪವರ್ ಸಪ್ಲೈ ಇರುತ್ತದೆ. ಇದನ್ನೆಲ್ಲ ಆ ಅಂಗಡಿಯವನಿಗೆ ಯಾಕೆ ಹೇಳಲಿ, ಚಹಾ ಕುಡಿದು ಹೊರಗೆ ಬಂದೆ.

ಎರಡನೇ ಅಂಗಡಿ ಇಷ್ಟವಾಗಿದ್ದು ಒಂದೇ ಕಾರಣಕ್ಕೆ. ಮಾಲೀಕರು ಯಾವ ಬ್ರ್ಯಾಂಡಿನ ಹೆಸರೂ ಎತ್ತಲಿಲ್ಲ, ಹುಡುಗನನ್ನು ಕರೆದು ಮುಂದಿನ ಬಾಗಿಲಿನ ಪ್ಯಾಡ್ ಬಿಚ್ಚಿಸಿದರು. ಒಳಗೆ ನೋಡಿದರೆ ತೆಳ್ಳನೆಯ ತಗಡು, ಅದರಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಕೋನ್ ಮುಂದಕ್ಕೆ ತಳ್ಳುವ ಗಾಳಿ, ಹಿಂದಕ್ಕೆ ತಳ್ಳುವ ಗಾಳಿ ಒಂದಕ್ಕೊಂದು ಉಲ್ಟಾ. ಆ ತೂತುಗಳ ಮೂಲಕ ಎರಡೂ ಸೇರಿದರೆ ಬೇಸ್ ಅಲ್ಲೇ ಖಲಾಸ್. ಇಂಥ ಬಾಗಿಲಿಗೆ ಎಷ್ಟು ದುಬಾರಿ ಸ್ಪೀಕರ್ ಕೂರಿಸಿದರೂ ಅದು ತೂತು ಕೊಡದಲ್ಲಿ ನೀರು ತುಂಬಿದ ಹಾಗೆ.

ಹೊರ ತಗಡಿಗೆ ನಡುಕ ತಗ್ಗಿಸುವ ಬ್ಯುಟೈಲ್ (ರಬ್ಬರಿನಂಥ) ಡ್ಯಾಂಪಿಂಗ್ ಶೀಟ್ ಅಂಟಿಸಿ, ಒಳಗಿನ ತೂತುಗಳನ್ನು ಮುಚ್ಚಿ, ಸ್ಪೀಕರ್ ಕೆಳಗೆ ಗಟ್ಟಿ ರಿಂಗ್ ಕೊಟ್ಟರು. ಒಂದು ಮಾತು ನೆನಪಿಡಿ: ಡ್ಯಾಂಪಿಂಗ್ ಅಂತ ಕೆಲವು ಕಡೆ ಡಾಂಬರಿನಂಥ ಬಿಟುಮೆನ್ ಶೀಟ್ ಹಾಕುತ್ತಾರೆ. ಅಗ್ಗ, ನಿಜ. ಆದರೆ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ಬೇರೆ. ಬೆರಳಿನಿಂದ ಒತ್ತಿ, ಮೂಸಿ ನೋಡಿ, ಗೊತ್ತಾಗುತ್ತದೆ. ಕೆಳಗೆ ಮಳೆ ನೀರು ಹರಿದುಹೋಗುವ ಕಿಂಡಿಗಳನ್ನು ಮುಚ್ಚಬಾರದು. ಇದನ್ನು ಹುಡುಗ ತಾನೇ ನೋಡಿಕೊಂಡ, ನಾನು ಹೇಳಬೇಕಾಗಲಿಲ್ಲ.

ಸ್ಪೀಕರ್ ಆರಿಸುವ ಹೊತ್ತಿಗೆ ಅವರ ಡಿಸ್‌ಪ್ಲೇ ಬೋರ್ಡಿನಲ್ಲಿ ಜೆಬಿಎಲ್, ಫ್ರಾನ್ಸಿನ ಫೋಕಲ್, ಇಟಲಿಯ ಹರ್ಟ್ಸ್ ಮೂರನ್ನೂ ಕೇಳಿದೆ. ಅವರು ಹಾಕಿದ್ದು ಧಡ್ ಧಡ್ ಅನ್ನುವ ಡಿಜೆ ಹಾಡು. ಅದರಲ್ಲಿ ಏನು ತಿಳಿಯುತ್ತದೆ? ನನ್ನ ಪೆನ್ ಡ್ರೈವ್ ಕೊಟ್ಟು ಭೀಮಸೇನರ ದಾಸರ ಪದ ಹಾಕಿಸಿದೆ. ತಂಬೂರಿಯ ಜೀವಾರಿ (ತಂತಿಯ ಝೇಂಕಾರ), ತಬಲಾದ ಡಗ್ಗಾ (ಎಡಗೈಯ ದಪ್ಪ ದನಿ), ಏರುದನಿಯ ತಾನ, ಈ ಮೂರರಲ್ಲಿ ಸ್ಪೀಕರಿನ ಬಣ್ಣ ಬಯಲಾಗುತ್ತದೆ. ಒಂದರಲ್ಲಿ ತಾರಸ್ಥಾಯಿಗೆ ಹೋದಾಗ ಟ್ವೀಟರ್ (ಏರುದನಿಯ ಪುಟ್ಟ ಸ್ಪೀಕರ್) ಕಿವಿಗೆ ಚುಚ್ಚಿತು. ನನ್ನ ಕಿವಿಗೆ ಹರ್ಟ್ಸ್ ಒಪ್ಪಿತು, ನಿಮಗೆ ಬೇರೆ ಒಪ್ಪಬಹುದು. ತೆಗೆದುಕೊಂಡಿದ್ದು 6.5 ಇಂಚಿನ ಕಾಂಪೊನೆಂಟ್ ಸೆಟ್, ಅಂದರೆ ಟ್ವೀಟರ್ ಬೇರೆ, ಮೇಲಿನ ದನಿ ಕೆಳಗಿನ ದನಿ ಬೇರ್ಪಡಿಸುವ ಕ್ರಾಸ್‌ಓವರ್ ಬೇರೆ. ಟ್ವೀಟರನ್ನು ಕನ್ನಡಿಯ ಮೂಲೆಗೆ ಹಾಕಿದ್ದರಿಂದ ದನಿ ಮೊಣಕಾಲ ಹತ್ತಿರದಿಂದ ಎದ್ದು ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂತಿತು. ಆಂಪ್ ಹಾಕಿಸುವ ಮನಸ್ಸಿಲ್ಲದವರು ಸೆನ್ಸಿಟಿವಿಟಿ (ಒಂದು ವ್ಯಾಟ್‌ಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು) 90 ಡೆಸಿಬಲ್‌ಗಿಂತ ಮೇಲಿರುವುದನ್ನು ನೋಡಿ. 3 ಡೆಸಿಬಲ್ ಕಡಿಮೆ ಇದ್ದರೆ ಅಷ್ಟೇ ಸದ್ದಿಗೆ ಎರಡರಷ್ಟು ವ್ಯಾಟ್ ಬೇಕು.

ಎರಡು ಚಾನೆಲ್‌ನ ಕಡಿಮೆ ಬಿಸಿಯಾಗುವ ಸಣ್ಣ ಕ್ಲಾಸ್ ಡಿ ಆಂಪ್, ಸೀಟಿನ ಕೆಳಗೆ 8 ಇಂಚಿನ ಸಬ್ (ಬೇಸ್‌ಗೆಂದೇ ಇರುವ ಸಬ್‌ವೂಫರ್). ಊರಿಗೆ ಹೋಗುವಾಗ ಡಿಕ್ಕಿ ತುಂಬ ಚೀಲಗಳಿರುತ್ತವೆ, ಅಲ್ಲಿ ಬಾಕ್ಸ್ ಇಡುವ ಮಾತೇ ಇಲ್ಲ. ಬಾಗಿಲಿನ ಸ್ಪೀಕರ್‌ಗೆ 80 ಹರ್ಟ್ಸ್‌ನಲ್ಲಿ ಹೈಪಾಸ್, ಅಂದರೆ ತೀರಾ ಕೆಳದನಿಯನ್ನು ತಡೆಯುವ ಫಿಲ್ಟರ್ ಹಾಕಿಸಿದೆ (ಇದು ಇಟಲಿಯ ಹರ್ಟ್ಸ್ ಅಲ್ಲ!), ಅದರ ಕೆಳಗಿನದ್ದೆಲ್ಲ ಸಬ್ ನೋಡಿಕೊಳ್ಳುತ್ತದೆ. ಹಿಂದಿನ ಸೀಟಿನ ಕಡೆಯ ಸ್ಪೀಕರ್ ಬದಲಿಸಲೇ ಇಲ್ಲ. ಅವರೂ ಒತ್ತಾಯ ಮಾಡಲಿಲ್ಲ, ಅದು ಅವರ ದೊಡ್ಡತನ.

ಈಗ ದೂರು. ಆಂಪ್ ಜೊತೆ ಅವರು ತಂದ ವೈರಿಂಗ್ ಕಿಟ್ ನೋಡಲು ದಪ್ಪ, ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಪೂರ್ತಿ ತಾಮ್ರದ್ದು ಬೇಕು ಅಂದೆ, ತಂದರು, ಆದರೆ ಅದಕ್ಕೆ ಬೇರೆ ದುಡ್ಡು. ಮೊದಲೇ ಹೇಳಿದ್ದರೆ ಮುಖ ಗಂಟು ಹಾಕಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ. ಫ್ಯೂಸ್ ಬ್ಯಾಟರಿಯಿಂದ ಅರ್ಧ ಮೀಟರಿನ ಒಳಗೇ ಇರಬೇಕು, ಅದನ್ನು ಸರಿಯಾಗಿ ಹಾಕಿದ್ದರು. ಅರ್ಥಿಂಗ್ ಮಾತ್ರ ಪೇಂಟ್ ಪೂರ್ತಿ ಕೆರೆಯದೆ ಬೋಲ್ಟ್ ಬಿಗಿದಿದ್ದರು, ಅದಕ್ಕೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಕುಂಯ್ ಅನ್ನುವ ಸದ್ದು. ವಾಪಸ್ ಒಯ್ದಾಗ ಜಗಳವಿಲ್ಲದೆ ಮರಳು ಕಾಗದದಿಂದ ತಗಡು ಹೊಳೆಯುವಂತೆ ಉಜ್ಜಿ ಸರಿಮಾಡಿದರು, ದುಡ್ಡು ಕೇಳಲಿಲ್ಲ.

ಸಂಜೆಗೆ ಕೊಡುತ್ತೇವೆ ಅಂದ ಕಾರು ಮರುದಿನ ಸಿಕ್ಕಿತು. ಜಿಎಸ್‌ಟಿ ಬಿಲ್ ಕೇಳದಿದ್ದರೆ ಕೊಡುವುದಿಲ್ಲ, ಬಿಲ್ ಇಲ್ಲದೆ ಸ್ಪೀಕರಿನ ವಾರಂಟಿ ಕೇಳಲು ಹೋದರೆ ಯಾರೂ ಮಾತಾಡಿಸುವುದಿಲ್ಲ, ಆದ್ದರಿಂದ ದುಡ್ಡು ಕೊಡುವ ಮೊದಲೇ ಕೇಳಿ. ಕಾರಿನ ವಾರಂಟಿ ಇನ್ನೂ ಇದ್ದರೆ ಕಂಪನಿ ವೈರ್ ಕತ್ತರಿಸದೆ ಕಪ್ಲರ್ (ಕಂಪನಿ ಸಾಕೆಟ್‌ಗೇ ಸಿಕ್ಕಿಸುವ ಜೋಡಣೆ) ಹಾಕಿಸಿ.

ನನ್ನ ಪ್ರಕಾರ ಐದಕ್ಕೆ ನಾಲ್ಕು. ಬಾಗಿಲಿನ ಕೆಲಸಕ್ಕೆ ಐದು ಕೊಟ್ಟೇನು, ವೈರಿಂಗ್‌ಗೆ ಮೂರು. ಬೆಲೆ ವಿಚಾರಿಸಲು ಮೊದಲು ಸ್ಕೂಟರಿನಲ್ಲಿ ಹೋಗಿ, ಕಾರನ್ನು ಕೆಲಸದ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಒಯ್ದುಬಿಡಿ. ಪೆನ್ ಡ್ರೈವ್‌ನಲ್ಲಿ ನಿಮ್ಮದೇ ಹಾಡಿರಲಿ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಬೇಡ.