ದೋಣಿಯೊಳಗೆ ಆಳ ನೋಡುವ ಸೆನ್ಸರ್ ಅಂಟಿಸುವ ಮುಂಚೆ ಇದನ್ನು ಓದಿ

ನಮ್ಮ ಮಾವನ ಮಗ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ, ಹೊಸದುರ್ಗದ ಕಡೆ. ಮೊದಲು ತೆಪ್ಪ ಇತ್ತು. ಈಗ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ, ಹಿಂದೆ ಮೋಟಾರು.

ಅಲ್ಲಿ ಆಳ ಗೊತ್ತಾಗಲೇಬೇಕು. ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ ನೀರು ಬಾರದ ಅಂಚಿನಲ್ಲಿ ಜನ ಹೊಲ ಮಾಡಿಕೊಂಡಿದ್ದರು. ಈಗ ಆ ಕಲ್ಲಿನ ಬದು, ಜಾಲಿ ಮೋಟು ಎಲ್ಲ ನೀರಿನಡಿ ಇವೆ. ಮೇಲಿಂದ ಏನೂ ಕಾಣಲ್ಲ.

ಸೆನ್ಸರನ್ನು ಹೊರಗೆ ಕಟ್ಟಿದರೆ ಬಲೆ ಸಿಕ್ಕಿಕೊಳ್ಳುತ್ತೆ. ಒಳಗೇ ಅಂಟಿಸಿದರೂ ಆಗುತ್ತೆ ಅಂದ ಒಬ್ಬ ಮೆಕ್ಯಾನಿಕ್. ಅದು ಸುಳ್ಳಲ್ಲ. ಈ ಸೆನ್ಸರ್ ಸದ್ದು ಬಿಟ್ಟು, ಅದು ವಾಪಸ್ ಬರಲು ಹಿಡಿಯುವ ಹೊತ್ತಿನಿಂದ ಆಳ ಲೆಕ್ಕ ಹಾಕುತ್ತೆ. ಗಟ್ಟಿ ಫೈಬರ್ ಆದರೆ ಸದ್ದು ಅದನ್ನು ದಾಟಿ ನೀರಿಗಿಳಿದು, ತಳಕ್ಕೆ ಬಡಿದು ವಾಪಸ್ ಬರುತ್ತೆ. ಆದರೆ ಅವನು ಅಂಟಿಸಿದ್ದು ನಾವು ಕಾಲಿಡುವ ಹಾಸಿನ ಮೇಲೆ, ಬಾತ್‌ರೂಮ್ ಸಂದಿಗೆ ಹಚ್ಚುವ ಸಿಲಿಕಾನ್ ಹಾಕಿ.

ಮರುದಿನ ನಾನೂ ದೋಣಿಯಲ್ಲಿದ್ದೆ. ನನಗೆ ಈಜು ಬರಲ್ಲ. ಪರದೆಯಲ್ಲಿ 14 ಅಡಿ ಅಂತ ಬರುತ್ತಿತ್ತು, ಅಂಕಿ ಮಿಣಮಿಣ ಅಂತಿತ್ತು. ಹೊಸ ಮಷೀನು, ಹಾಗೇ ಇರಬೇಕು ಅಂದುಕೊಂಡೆವು. ಧಡ್ ಅಂತ ಬದುವಿಗೆ ಬಡಿಯಿತು. ಮುಂದಿನ ಕೆಳಭಾಗ ಸೀಳಿ, ಗೇಣುದ್ದದ ಬಿರುಕಿನಲ್ಲಿ ನೀರು ನುಗ್ಗಿತು. ಮಾವನ ಮಗ ಲುಂಗಿ ಬಿಚ್ಚಿ ಬಿರುಕಿಗೆ ತುರುಕಿದ. ನಾನು ಮೀನಿನ ಬಕೆಟ್‌ನಲ್ಲಿ ನೀರು ಎತ್ತಿ ಹಾಕುತ್ತಲೇ ಇದ್ದೆ. ದಡ ಮುಟ್ಟುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು.

ಆಮೇಲೆ ಮಷೀನಿನ ಪುಸ್ತಕ ತೆಗೆದು ನೋಡಿದೆ. ತಳದ ಸದ್ದು ಸಿಗದಿದ್ದರೆ ಅಂಕಿ ಮಿಣುಕುತ್ತೆ ಅಂತ ಅದರಲ್ಲೇ ಇದೆ.

ಸೆನ್ಸರ್ ಕಿತ್ತಾಗ ಸಿಲಿಕಾನ್ ತುಂಬ ಗುಳ್ಳೆ, ಹಳಸಿದ ಹಿಟ್ಟಿನ ಹಾಗೆ. ಹಾಸಿನ ಕೆಳಗೆ ಫೋಮ್ ತುಂಬಿತ್ತು, ದೋಣಿ ತೇಲಲಿ ಅಂತ. ಫೋಮ್ ಅಂದರೆ ಬಹುಪಾಲು ಗಾಳಿಯೇ ಅಲ್ವಾ? ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತೆ, ಗಾಳಿಯಲ್ಲಿ ಸುಮಾರು 340. ಎರಡೂ ಸೇರುವ ಕಡೆ ಸದ್ದು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೇ ತಿರುಗುತ್ತೆ. ನಡುವೆ ಗಾಳಿ ಗುಳ್ಳೆ ಇದ್ದರೆ ಆಳ ತಪ್ಪಿಹೋಗಬಹುದು.

ಅಂಟಿಸುವ ಮುಂಚೆ ತಟ್ಟಿ ನೋಡಿ. ಡಬಡಬ ಅಂದರೆ ಅಡಿಯಲ್ಲಿ ಫೋಮೋ ಟೊಳ್ಳೋ ಇದೆ, ಅಲ್ಲಿ ಬೇಡವೇ ಬೇಡ. ಗಟ್ಟಿ ಫೈಬರ್ ಒಂದೇ ಪದರ ಇರುವ ಜಾಗ ಹುಡುಕಿ. ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಗಾಳಿ ಇಲ್ಲದಂತೆ ಗಂಟು ಹಾಕಿ, ಅಲ್ಲಿ ನೀರು ಚಿಮುಕಿಸಿ ಇಡಿ. ಅದರ ಮೇಲೆ ಸೆನ್ಸರ್ ನೇರ ಕೆಳಗೆ ನೋಡುವ ಹಾಗೆ ಒತ್ತಿ ಹಿಡಿಯಿರಿ. ಬರುವ ಅಂಕಿಯನ್ನು ಕಲ್ಲು ಕಟ್ಟಿದ ಹಗ್ಗ ಇಳಿಸಿ ತಾಳೆ ನೋಡಿ, ಎರಡು ಮೂರು ಕಡೆ. ಸರಿಬಂದರೆ ಮಾತ್ರ ಅಂಟಿಸಿ. ಸಿಲಿಕಾನ್ ಬೇಡ, ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು) ಹಾಕಿ. ನಿಧಾನಕ್ಕೆ ಕಲಸಿ, ತಿರುಗಿಸುತ್ತಾ ಒತ್ತಿ ಗಾಳಿ ಹೊರಗೆ ತಳ್ಳಿ.

ನಾವೂ ಹೀಗೇ ಮಾಡಿ, ಹಿಂಭಾಗದಲ್ಲಿ ಫೋಮ್ ಇಲ್ಲದ ಕಡೆ ಮತ್ತೆ ಕೂರಿಸಿದೆವು. ಈಗ ಅಂಕಿ ಮಿಣುಕಲ್ಲ. ಆದರೂ ಅಡಿಗೊಂದು ಗಂಟಿನ ಹಗ್ಗ ದೋಣಿಯಲ್ಲೇ ಇದೆ, ಪಕ್ಕದಲ್ಲಿ ಎರಡು ಲೈಫ್ ಜಾಕೆಟ್.